ಕತ್ತಿ ಕುತ್ತಿಗೆಗೆ ಬಂದಾಗ ಕೇಳಿದ ಪ್ರಶ್ನೆ

ದರ್ಜಿ ಎರಡನೆಯ ಸಲವೂ ಕ್ಷೌರದ ಕತ್ತಿಯನ್ನು ತಟ್ಟೆಯಲ್ಲಿಟ್ಟುಬಿಟ್ಟ. ಸತ್ತವನ ಬಲಗೆನ್ನೆಗೆ ಹಚ್ಚಿದ್ದ ಸೋಪಿನ ನೊರೆ ಅಂಚಿನಲ್ಲಿ ಒಣಗತೊಡಗಿತ್ತು.

"ಆಗಲ್ಲ ಅತ್ತಿಗೆ," ಎಂದ. "ಬಟ್ಟೆ ಆದ್ರೆ ಕಣ್ಮುಚ್ಚಿ ಕತ್ತರಿಸ್ತೀನಿ. ಇದು ಅಣ್ಣನ ಮುಖ."

ಪಕ್ಕದಂಗಡಿಯವನು, ಧೈರ್ಯ ಮಾಡಿ ಬಂದಿದ್ದ. ಸತ್ತವನ ಹೆಂಡತಿ ಅವನನ್ನು ಒತ್ತಾಯಿಸಲಿಲ್ಲ. ಬಟ್ಟಲಿಗೆ ಸ್ವಲ್ಪ ಬಿಸಿನೀರು ಸುರಿದು, ಬ್ರಷ್ಷಿನಿಂದ ಮತ್ತೆ ನೊರೆ ಎಬ್ಬಿಸತೊಡಗಿದಳು. ಕ್ಷೌರದಂಗಡಿಯ ಹಿಂದಿನ ಕೋಣೆಯಲ್ಲಿ, ಉದ್ದನೆಯ ಮೇಜಿನ ಮೇಲೆ ಅವಳ ಗಂಡ ಮಲಗಿದ್ದ. ಕಾಯಿಲೆಯ ದಿನಗಳಲ್ಲಿ ಬೆಳೆದ ಬಿಳಿ ಗಡ್ಡ ಅವನನ್ನು ಬೇರೆ ಯಾರನ್ನೋ ಮಾಡಿಬಿಟ್ಟಿತ್ತು. ಊರಿನಲ್ಲಿ ಯಾರ ಮನೆಯ ಗಂಡಸು ತೀರಿಕೊಂಡರೂ ಶವಪೆಟ್ಟಿಗೆ ಬರುವ ಮೊದಲು ಇವನಿಗೆ ಕರೆ ಬರುತ್ತಿತ್ತು. ಹೋಗಿ, ಬದುಕಿರುವವರಿಗೆ ಹೇಳಿದ ಹಾಗೆಯೇ "ಸ್ವಲ್ಪ ಈ ಕಡೆ ತಿರುಗಿ" ಎನ್ನುತ್ತ ಕ್ಷೌರ ಮಾಡಿ ಬರುತ್ತಿದ್ದ. ಈಗ ಅವನಿಗೆ ಮಾಡಲು ಊರಿನಲ್ಲಿ ಇನ್ನೊಬ್ಬ ಕ್ಷೌರಿಕನಿರಲಿಲ್ಲ.

"ಅಮ್ಮ, ಮನೇಲಿ ನಮ್ಮವರ ಪ್ಲಾಸ್ಟಿಕ್ ರೇಜರ್ ಇದೆ," ಎಂದಳು ಮಗಳು. "ಅದರಲ್ಲಿ ನಾನೇ ಮಾಡ್ತೀನಿ."

"ಬೇಡ ಕಣೇ. ಎದ್ದು ಬೈತಾರೆ."

"ಬೈಯೋಕಾದ್ರೂ ಏಳ್ಲಿ ಬಿಡು," ಎಂದಳು ಗೋಡೆ ಬದಿಯ ಕುರ್ಚಿಯಲ್ಲಿದ್ದ ಹೆಂಡತಿಯ ಅಕ್ಕ. ಮೂಗು ಒರೆಸಿಕೊಂಡು ಬೆಳಗಿನಿಂದ ಹಿಡಿದ ಮಾತನ್ನೇ ಮತ್ತೆ ಹಿಡಿದಳು. "ಗಡ್ಡದ ಚಿಂತೆ ಆಮೇಲೆ. ಪ್ರಾರ್ಥನೇದು ಏನು ಮಾಡ್ತೀಯ, ಅದು ಹೇಳು. ದೇವರ ಹೆಸರು ಒಂದು ಸಲಾನೂ ಹೇಳದೆ ಹೂತು ಬರೋಕೆ ಇವರೇನು ಹಳೇ ಛತ್ರೀನಾ?"

"ಮಾತು ಕೊಟ್ಟಿದ್ದೀನಿ ಅಕ್ಕ."

"ಸತ್ತೋರಿಗೆ ಕೊಟ್ಟ ಮಾತು ತಾನೆ."

"ಕೊಟ್ಟಾಗ ಬದುಕಿದ್ರು."

*

ಮಾತು ಕೊಟ್ಟದ್ದು ಅವನು ಹಾಸಿಗೆ ಹಿಡಿದ ಮೇಲೆ, ಒಂದು ಮಧ್ಯಾಹ್ನ. ಅವಳು ಅವನ ತಲೆ ಬಾಚುತ್ತಿದ್ದಳು.

"ನನ್ನ ಹೆಣದ ಮುಂದೆ ಯಾರೂ ಪ್ರಾರ್ಥನೆ ಮಾಡಕೂಡದು. ಯಾವ ಪಾದ್ರಿಯೂ."

"ನಾನು?"

"ನೀನು ಮನಸ್ಸಲ್ಲಿ ಮಾಡ್ಕೋ. ನಿನ್ನ ಮನಸ್ಸೇನು ನನ್ನ ಅಂಗಡೀನಾ, ಬಾಗಿಲು ಹಾಕೋಕೆ?" ಎಂದು ನಕ್ಕಿದ್ದ. ಆಮೇಲೆ ನಗು ನಿಲ್ಲಿಸಿ, "ಆ ಹುಡುಗರ ಮೇಲೆ ಮಾಡಿದ್ದು ಸಾಕು. ನನಗೆ ಬೇಡ," ಎಂದಿದ್ದ.

ಆ ಹುಡುಗರು ಯಾರೆಂದು ಅವಳು ಕೇಳಬೇಕಿರಲಿಲ್ಲ. ಪ್ರಾಯದಲ್ಲಿ ಅವನು ಸೈನ್ಯದ ಕ್ಷೌರಿಕನಾಗಿದ್ದ. ಹೊಳೆ ದಾಟಿ ಯುದ್ಧಕ್ಕೆ ಹೋಗಬೇಕಿದ್ದ ಬೆಳಗ್ಗೆ ಹುಡುಗರೆಲ್ಲ ಮೊದಲು ಅವನ ಸ್ಟೂಲಿನ ಮುಂದೆ ಸಾಲು ನಿಂತರು. ಅವನು ತಲೆ ಬೋಳಿಸಿದ. ಅದೇ ಸಾಲು ಮುಂದಕ್ಕೆ ಸರಿದು ಸೈನ್ಯದ ಪಾದ್ರಿಯ ಮುಂದೆ ಮಂಡಿಯೂರಿತು. ಅವರು ಬೋಳು ತಲೆಗಳ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಹೊಳೆಯಿಂದ ಈಚೆಗೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಕ್ಷೌರಿಕ ಊರಿಗೆ ಬಂದು ಅಂಗಡಿ ಇಟ್ಟ. ಕೆಲವು ವರ್ಷಗಳ ನಂತರ ಅದೇ ಪಾದ್ರಿ ಅದೇ ಊರಿನ ಚರ್ಚಿಗೆ ಬಂದರು.

ಅವಳು ಮಾತ್ರ ತಪ್ಪದೆ ಚರ್ಚಿಗೆ ಹೋಗುತ್ತಿದ್ದಳು. ಅವನು ಗೇಟಿನವರೆಗೆ ಜೊತೆಗೆ ಬಂದು, ಅವಳ ಕೋಟಿನ ಕಾಲರು ಸರಿಮಾಡಿ, ತಿರುಗಿ ಹೋಗುತ್ತಿದ್ದ. ಅದಕ್ಕೆ ಅವಳು ಹೊಂದಿಕೊಂಡಿದ್ದಳು. ಆದರೆ ಈ ಮಾತಿಗೆ ಹೊಂದಿಕೊಳ್ಳುವುದು ಕಷ್ಟವಾಗಿತ್ತು. ಮಾತು ಮುರಿದರೆ ಅವನಿಗೆ ಮೋಸ. ಉಳಿಸಿಕೊಂಡರೆ, ಇಷ್ಟು ವರ್ಷ ಜೊತೆಗಿದ್ದವನನ್ನು ಬಾಯಿ ಬಿಗಿದುಕೊಂಡು ಹೊರಗೆ ಹಾಕಿ ಬಾಗಿಲು ಮುಚ್ಚಿದ ಹಾಗೆ. ರಾತ್ರಿಯೆಲ್ಲ ಈ ಎರಡರ ನಡುವೆಯೇ ಕೂತಿದ್ದಳು.

*

ಬಾಗಿಲಲ್ಲಿ ಪಾದ್ರಿ ಕಾಣಿಸಿಕೊಂಡ ತಕ್ಷಣ ಅಕ್ಕ ಎದ್ದು ನಿಂತಳು. ಅವಳಿಗೆ ಅರ್ಧ ಗೆದ್ದಷ್ಟು ಸಂತೋಷವಾಗಿತ್ತು. ಪಾದ್ರಿಯ ಬರಿಗೈಗಳನ್ನು ನೋಡಿ ಅದು ಇಳಿಯಿತು.

"ಪ್ರಾರ್ಥನೆ ಪುಸ್ತಕ ಎಲ್ಲಿ?"

"ಮನೇಲಿ."

"ಕನ್ನಡಕ ಮರೆತ ಹಾಗೆ ಮರೆತು ಬಂದ್ರಾ?"

"ನನಗೂ ಹೇಳಿದ್ದ ಕಣಮ್ಮ," ಎಂದರು ಪಾದ್ರಿ. "ಪ್ರಾರ್ಥನೆ ಶುರು ಮಾಡಿದ್ರೆ ಪೆಟ್ಟಿಗೆ ಒಳಗಿಂದ ತಟ್ತೀನಿ ಅಂತ. ಅವನು ತಟ್ಟಿದ್ರೂ ತಟ್ಟಿದನೇ."

ಅವರಿಗೂ ವಯಸ್ಸಾಗಿತ್ತು. ಮೇಜಿನ ಹತ್ತಿರ ಬರುವಷ್ಟರಲ್ಲಿ ಉಸಿರು ಎರಡು ಸಲ ನಿಂತು ಹೊರಟಿತು. ಗೆಳೆಯನ ಮುಖವನ್ನೂ ಒಂದೇ ಕೆನ್ನೆಯ ನೊರೆಯನ್ನೂ ನೋಡುತ್ತ ನಿಂತರು. ಅವರ ಗದ್ದದ ಮೇಲೂ ಹಲವು ದಿನಗಳ ಬಿಳಿ ಕೂಳೆಯಿತ್ತು.

"ಇದೇನಿದು, ಹೀಗೆ ಅರ್ಧಕ್ಕೆ ಬಿಟ್ಟಿದ್ದೀರಿ?"

ಪಾದ್ರಿ ಕರಿ ಕೋಟನ್ನು ಕಳಚಿ ಮಗಳ ಕೈಗೆ ಕೊಟ್ಟು ಅಂಗಿಯ ತೋಳು ಮಡಚಿದರು.

"ನಿಮಗೆ ಬರುತ್ತಾ?" ಎಂದು ದರ್ಜಿ ಅನುಮಾನದಿಂದ ಕೇಳಿದ.

"ಬರಲ್ಲ. ಆದ್ರೆ ಅವನು ಹೇಗೆ ಮಾಡ್ತಿದ್ದ ಅಂತ ನನ್ನ ಮುಖಕ್ಕೆ ಗೊತ್ತು."

*

ಪ್ರತಿ ಶನಿವಾರ ಪಾದ್ರಿ ಕ್ಷೌರಕ್ಕೆ ಬರುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಕ್ಷೌರ ಬೇಡದವರೂ ಬಂದು ಬೆಂಚಿನ ಮೇಲೆ ಜಾಗ ಹಿಡಿಯುತ್ತಿದ್ದರು. ಕ್ಷೌರಿಕನ ಹೆಂಡತಿ ಹಿಂದಿನ ಕೋಣೆಯಲ್ಲಿ ಟವೆಲ್ಲು ಮಡಚುತ್ತ, ಅರೆತೆರೆದ ಬಾಗಿಲಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಮೊದಲು ಬಲಗೆನ್ನೆ. ಅಲ್ಲಿಗೆ ಹಳೆಯ ಕಾಲದ ಧರ್ಮಯುದ್ಧಗಳ ಪ್ರಶ್ನೆ.

"ಪವಿತ್ರ ನಗರ ಬಿಡಿಸ್ತೀವಿ ಅಂತ ದಂಡು ಕಟ್ಕೊಂಡು ಹೋದ್ರಲ್ಲ, ಎದೆ ಮೇಲೆ ಏನಿತ್ತು ಪಾದ್ರಿಗಳೇ? ಶಿಲುಬೆ ತಾನೆ?"

"ಎದೆ ಮೇಲೆ ಶಿಲುಬೆ. ಎದೆ ಒಳಗೆ ಲೂಟಿ ಆಸೆ. ಯುದ್ಧ ಮಾಡಿದ್ದು ಯಾವುದಯ್ಯ?"

"ಎರಡೂ ಒಂದೇ ಅಂಗಿ ತೊಟ್ಟಿದ್ವಲ್ಲ, ನಾನು ಹೇಗೆ ಹೇಳ್ಲಿ?"

ಬೆಂಚು ನಗುತ್ತಿತ್ತು. ಎಡಗೆನ್ನೆಗೆ ಬಂದಾಗ ಮಾತು ಬಿಸಿಯಾಗುತ್ತಿತ್ತು.

"ಒಂದೇ ಪುಸ್ತಕ ಓದೋರು ಎರಡು ಪಂಗಡ ಆಗಿ ಒಬ್ಬರನ್ನೊಬ್ಬರು ಸುಟ್ರಲ್ಲ?"

"ಸರಿಯಾಗಿ ಓದಿದ್ದಿದ್ರೆ ಸುಡ್ತಿರ್ಲಿಲ್ಲ."

"ಹಾಗಾದ್ರೆ ಪಾಠ ಹೇಳಿದ ಮೇಷ್ಟ್ರು ಸರಿಯಿಲ್ಲ ಅನ್ನಿ."

"ದೇವರೇ ಬೇಡ ಅಂದ ಸರ್ಕಾರಗಳು ಕಡಿಮೆ ಜನರನ್ನ ಕೊಂದ್ವಾ? ಗಾಯಗೊಂಡೋರಿಗೆ ಆಸ್ಪತ್ರೆ ಕಟ್ಟಿದ್ದು ಯಾರು? ನಿನ್ನ ಜ್ವರಕ್ಕೆ ರಾತ್ರಿಯಿಡೀ ಎದ್ದಿದ್ದ ಆ ಸಿಸ್ಟರ್ ಯಾರ ಹೆಸರು ಹೇಳ್ಕೊಂಡು ಎದ್ದಿದ್ಲು?"

"ಕಾಲು ಮುರಿದೋರೇ ಊರುಗೋಲು ಕೊಟ್ರೆ ಬೇಡ ಅನ್ನಲ್ಲ, ತಗೋತೀನಿ. ಕಾಲು ಮುರಿದಿದ್ದು ಯಾರು ಅಂತಾನೂ ಕೇಳ್ತೀನಿ."

ಮೇಲ್ತುಟಿಯ ಹತ್ತಿರ ಇಬ್ಬರೂ ಸುಮ್ಮನಾಗುತ್ತಿದ್ದರು, ಅಲ್ಲಿ ಚರ್ಮ ಸೂಕ್ಷ್ಮ. ಕೊನೆಗೆ ಕುತ್ತಿಗೆ. ಪಾದ್ರಿಯ ತಲೆಯನ್ನು ಹಿಂದಕ್ಕೆ ವಾಲಿಸಿ, ಕತ್ತಿಯನ್ನು ಗಂಟಲ ಗುಬುಟಿನ ಕೆಳಗಿಟ್ಟು, ಅವನು ದನಿ ತಗ್ಗಿಸಿ ಕೇಳುತ್ತಿದ್ದ.

"ಆ ಬೆಳಗ್ಗೆ ಆ ಹುಡುಗರಿಗೆ ಏನು ಹೇಳಿ ಕಳಿಸಿದ್ರಿ?"

ಗಂಟಲ ಮೇಲೆ ಕತ್ತಿಯಿರುವಾಗ ಯಾರು ತಾನೆ ಬಾಯಿ ತೆರೆದಾರು? ಪಾದ್ರಿಯ ಕಣ್ಣು ಚಾವಣಿಯ ಮೇಲೆ ನೆಟ್ಟಿರುತ್ತಿತ್ತು. ಕತ್ತಿ ಕೊನೆಯ ಗೆರೆ ಎಳೆದು ಮೇಲೇಳುತ್ತಿದ್ದಂತೆ ಅವನು ಬಿಸಿ ಟವೆಲ್ಲನ್ನು ಅವರ ಬಾಯಿಯ ಮೇಲೆಯೇ ಒತ್ತಿ, "ಇರ್ಲಿ ಬಿಡಿ. ಮುಂದಿನ ಶನಿವಾರ," ಎನ್ನುತ್ತಿದ್ದ.

*

ಪಾದ್ರಿ ಬಲಗೆನ್ನೆಯಿಂದಲೇ ಶುರು ಮಾಡಿದರು. ಕತ್ತಿ ಒಂದಿಷ್ಟು ದೂರ ಹೋಗಿ ನಿಂತಿತು.

"ಇವತ್ತು ನಿನ್ನ ಮಾತೂ ನಾನೇ ಆಡ್ಬೇಕಲ್ಲಯ್ಯ," ಎಂದರು ಸತ್ತವನಿಗೆ. "ಎದೆ ಮೇಲೆ ಏನಿತ್ತು ಪಾದ್ರಿಗಳೇ? ಶಿಲುಬೆ. ಹೌದಪ್ಪ, ಶಿಲುಬೇನೇ. ಅದನ್ನ ನಾನು ಯಾವತ್ತು ಇಲ್ಲ ಅಂದೆ?"

ಅಕ್ಕ ತಂಗಿಯ ಕಿವಿಯ ಹತ್ತಿರ ಬಗ್ಗಿದಳು. "ಇದೇನೇ, ಪ್ರಾರ್ಥನೆ ಶುರು ಮಾಡಿದ್ರಾ?"

"ಇಲ್ಲಕ್ಕ. ಜಗಳ."

ಎಡಗೆನ್ನೆಗೆ ಬಂದಾಗ ಪಾದ್ರಿಗೆ ಕೈ ಕುದುರಿತ್ತು, ಮಾತೂ ಕುದುರಿತ್ತು. ಗೆಳೆಯನ ದನಿಯಲ್ಲಿ ಕೇಳುವುದು, ತಮ್ಮ ದನಿಯಲ್ಲಿ ಹೇಳುವುದು. ಊರುಗೋಲಿನ ಮಾತು ಬಂದಾಗ ದರ್ಜಿ ಅಭ್ಯಾಸಬಲದಿಂದ ನಕ್ಕುಬಿಟ್ಟು, ನಾಚಿ ಬಾಯಿ ಮುಚ್ಚಿಕೊಂಡ. "ನಗಪ್ಪ, ನಗು," ಎಂದಳು ಹೆಂಡತಿ. ದವಡೆಯ ತಿರುವಿನಲ್ಲಿ ಕತ್ತಿ ಜಾರಿತು. ತೆಳ್ಳಗೆ ಒಂದು ಗೀರು ಬಾಯಿಬಿಟ್ಟಿತು. ರಕ್ತ ಬರಲಿಲ್ಲ. ಎಲ್ಲರೂ ಆ ಗೀರನ್ನೇ ನೋಡುತ್ತಿದ್ದರು, ಈಗ ಬರುತ್ತದೆ ಎಂಬ ಹಾಗೆ. ಬೆಳಗಿನಿಂದ ಬಂದವರಿಗೆಲ್ಲ ಕುರ್ಚಿ ಹಾಕುತ್ತ ಓಡಾಡುತ್ತಿದ್ದ ಮಗಳು ಪಾದ್ರಿಯ ಕೋಟಿನಲ್ಲಿ ಮುಖವಿಟ್ಟು ಅತ್ತಳು.

ಪಾದ್ರಿ ಮೇಲ್ತುಟಿಯನ್ನು ಸದ್ದಿಲ್ಲದೆ ಮುಗಿಸಿದರು. ಹೆಂಡತಿ ಬಂದು ಗಂಡನ ಗದ್ದವನ್ನು ಮೆಲ್ಲಗೆ ಮೇಲಕ್ಕೆತ್ತಿ ಹಿಡಿದಳು. ಕತ್ತಿ ಗಂಟಲ ಹತ್ತಿರ ಬಂದು ನಿಂತಿತು.

"ಇಲ್ಲಿ ಅವನು..."

"ಗೊತ್ತು. ಬಾಗಿಲ ಹಿಂದೇನೇ ಇರ್ತಿದ್ದೆನಲ್ಲ."

"ಇವತ್ತು ನನ್ನ ಬಾಯಿಗೆ ಏನೂ ಅಡ್ಡ ಇಲ್ಲ ಕಣಮ್ಮ." ಅವರ ಮುಖ ಬಿಳಿಚಿಕೊಂಡಿತ್ತು. "ಮಣ್ಣಿಗೆ ಹೋಗೋ ಮುಂಚೆ ಇವತ್ತಾದ್ರೂ ಹೇಳಿಬಿಡ್ತೀನಿ. ಆ ಬೆಳಗ್ಗೆ ನಾನು—"

"ಬೇಡಿ," ಎಂದಳು ಅವಳು. "ಹೇಳ್ಬೇಡಿ."

ಪಾದ್ರಿ ತಲೆಯೆತ್ತಿದರು.

"ಒಂದ್ಸಲ ನಾನು ಕೇಳಿದ್ದೆ. ಯಾಕ್ರೀ, ಬಾಯಿ ತೆಗೆಯೋಕಾಗದ ಹೊತ್ತಲ್ಲೇ ಕೇಳ್ತೀರಲ್ಲ, ನಿಮಗೆ ಉತ್ತರ ಬೇಡ್ವಾ ಅಂತ. ಅದಕ್ಕೆ ಅವರು, 'ಏನು ಹೇಳಿದ್ರು ಅಂತ ನನಗೆ ಗೊತ್ತಿಲ್ವಾ? ಪಕ್ಕದಲ್ಲೇ ಕೂದಲು ಗುಡಿಸ್ತಾ ನಿಂತಿದ್ದೆ' ಅಂದ್ರು. ಮತ್ಯಾಕೆ ಕೇಳ್ತೀರಿ ಅಂದೆ. 'ಉತ್ತರ ಹೇಳಿಬಿಟ್ರೆ, ಸರಿ ಮುಗೀತು ಅಂತ ಬರೋದು ನಿಲ್ಲಿಸಿಬಿಡ್ತಾರೆ ಕಣೇ' ಅಂದ್ರು."

"ತಪ್ಪು ಯಾರದ್ದು ಅನ್ತಿದ್ದ?" ಎಂದು ಪಾದ್ರಿ ಕೇಳಿದರು. "ಮನೇಲಿ, ನಿನ್ನ ಹತ್ರ."

"ಅದು ದಿನಕ್ಕೊಂದು ಥರ. ಒಂದಿನ ನಿಮ್ಮ ದೇವರದ್ದು. ಒಂದಿನ ಸರ್ಕಾರದ್ದು. ಒಂದಿನ, 'ನೀಟಾಗಿ ತಲೆ ಬೋಳಿಸಿ ಕಳಿಸಿದ ನಂದು' ಅಂತ. ಊಟ ಮಾಡುವಾಗ ಹೇಳೋರು. ನಾನು, ಮೊದಲು ಊಟ ಮಾಡಿ ಅನ್ತಿದ್ದೆ."

ಪಾದ್ರಿ ಕತ್ತಿಯನ್ನು ಗಂಟಲಿಂದ ದೂರ ಹಿಡಿದು, ಇನ್ನೊಂದು ಕೈಯಿಂದ ಮೇಜಿನಂಚನ್ನು ಆತುಕೊಂಡರು. ಭುಜಗಳು ಅಲ್ಲಾಡತೊಡಗಿದವು. ಅಳುತ್ತಿದ್ದಾರೆಂದು ದರ್ಜಿ ನೀರು ತರಲು ಹೊರಟ. ಅವರು ನಗುತ್ತಿದ್ದರು, ಕಣ್ಣಲ್ಲಿ ನೀರಿದ್ದರೂ ನಗುವೇ ಅದು.

"ಅಯ್ಯೋ ಕಳ್ಳ," ಎಂದರು. "ಹೇಳಿದ್ರೂ ಬರ್ತಿದ್ದೆನಲ್ಲೋ."

ಆಮೇಲೆ ಒಂದು ಮಾತೂ ಆಡದೆ ಕುತ್ತಿಗೆಯನ್ನು ಮುಗಿಸಿದರು. ಹೆಂಡತಿ ಬಿಸಿ ಟವೆಲ್ಲು ಹಿಂಡಿ ಮುಖ ಒರೆಸಿದಳು, ಗೀರಿನ ಮೇಲೆ ಸ್ವಲ್ಪ ಪೌಡರ್ ಒತ್ತಿದಳು. ಗಡ್ಡದ ಕೆಳಗಿನಿಂದ ಅವಳ ಗಂಡ ಹೊರಗೆ ಬಂದ. ಅದೇ ಗದ್ದ, ಮಾತು ಬಾಯಿಗೆ ಬಂದಾಗ ಒಂದು ಕಡೆ ಎಳೆದುಕೊಳ್ಳುವ ಅದೇ ತುಟಿ. ಬೆಳಗಿನಿಂದ ಅವಳ ಬೆನ್ನಿನಲ್ಲಿ ಬಿಗಿದು ಕೂತದ್ದು ತಾನಾಗಿಯೇ ಸಡಿಲವಾಯಿತು.

"ಪೆಟ್ಟಿಗೆ ತರೋಕೆ ಹೇಳಪ್ಪ," ಎಂದಳು ದರ್ಜಿಗೆ.

*

ಮಣ್ಣು ಹಾಕಿದ್ದಾಯಿತು. ಗುದ್ದಲಿಗಳನ್ನು ಬೇಲಿಗೆ ಒರಗಿಸಿದ್ದಾಯಿತು. ಆದರೂ ಯಾರೂ ಹೊರಡಲಿಲ್ಲ. ಆಮೆನ್ ಎನ್ನುವ ಮಾತೊಂದು ಬೀಳದೆ ಮುಗಿಯಿತೆಂದು ತಿಳಿಯುವುದು ಹೇಗೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಂಡಸರು ಟೋಪಿ ಕೈಯಲ್ಲಿ ಹಿಡಿದು ಅಭ್ಯಾಸದಂತೆ ಪಾದ್ರಿಯ ಕಡೆ ನೋಡಿದರು. ಪಾದ್ರಿ ಸತ್ತವನ ಹೆಂಡತಿಯ ಕಡೆ ನೋಡಿದರು. ಹೆಂಡತಿ ಮಣ್ಣಿನ ದಿಬ್ಬವನ್ನು ನೋಡುತ್ತಿದ್ದಳು. ಗಾಳಿ ಬೀಸಿ ನಿಂತಿತು. ಬಿಸಿಲು ಮರದ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಸರಿಯಿತು.

"ಈಗೇನೇ?" ಎಂದು ಅಕ್ಕ ಪಿಸುಗುಟ್ಟಿದಳು.

"ಗೊತ್ತಿಲ್ಲ ಅಕ್ಕ."

"ನನ್ನ ಮಂಡಿ ನಿಮ್ಮ ಯಾರ ವಾದಕ್ಕೂ ಕಾಯಲ್ಲಮ್ಮ." ಅಕ್ಕ ಶಾಲನ್ನು ಹುಲ್ಲಿನ ಮೇಲೆ ಹಾಸಿ, ನರಳುತ್ತ ಅಲ್ಲೇ ಕೂತುಬಿಟ್ಟಳು. ಅದನ್ನೇ ಕಾಯುತ್ತಿದ್ದವರಂತೆ ಪಾದ್ರಿಯೂ ಕೂತರು. ಆಮೇಲೆ ದರ್ಜಿ, ಆಮೇಲೆ ಉಳಿದವರು, ಒಳ್ಳೆಯ ಬಟ್ಟೆಗಳ ಚಿಂತೆ ಬಿಟ್ಟು ಸಮಾಧಿಯ ಸುತ್ತ ಕೂತರು. ಯಾರೋ ಒಬ್ಬ ಮೆಲ್ಲಗೆ, ಕ್ಷೌರಿಕ ಒಮ್ಮೆ ವಾದದ ಬಿಸಿಯಲ್ಲಿ, ಕುರ್ಚಿಯಲ್ಲಿ ಕೂತಿದ್ದ ತನ್ನ ಅರ್ಧ ಮೀಸೆಯನ್ನೇ ಹೆರೆದುಬಿಟ್ಟದ್ದನ್ನು ಹೇಳತೊಡಗಿದ. ಇನ್ನೊಬ್ಬ ಅದು ಹಾಗಲ್ಲ ಎಂದ. ನಗು ಒಂದು ಕಡೆಯಿಂದ ಎದ್ದು ಸುತ್ತು ಬಂತು.

ಅಕ್ಕ ಸರಿದು ತಂಗಿಗೆ ಶಾಲಿನ ಮೇಲೆ ಜಾಗ ಮಾಡಿದಳು. ಅವಳು ಕೂತು, ಕಾಲನ್ನು ಕಚ್ಚುತ್ತಿದ್ದ ಹೊಸ ಬೂಟುಗಳನ್ನು ಒಂದೊಂದಾಗಿ ಕಳಚಿ ಪಕ್ಕಕ್ಕಿಟ್ಟಳು. ಬರಿಗಾಲನ್ನು ಮುಂದಕ್ಕೆ ಚಾಚಿದಳು. ಪಾದಕ್ಕೆ ತಾಗಿದ ಹೊಸ ಮಣ್ಣು ತಣ್ಣಗಿತ್ತು. ಹಿಂದಕ್ಕೆಳೆದುಕೊಳ್ಳದೆ, ಅಲ್ಲೇ ಇಟ್ಟುಕೊಂಡು ಕೂತಳು.