ನಾಯಿಗೆ ತುರುಕಿದ ತಂಬಾಕು

ಎಪ್ಪತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಮಲೇರಿಯಾ ಔಷಧ ಹೊಡೆಯುವವರು ಮನಗೂಳಿಯ ನಮ್ಮ ಓಣಿಗೆ ಬಂದರು. ಬೆನ್ನಿಗೆ ತಗಡಿನ ಡಬ್ಬಿ, ಕೈಯಲ್ಲಿ ಉದ್ದನೆಯ ಕೊಳವೆ, ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ಬಟ್ಟೆ. ಅಂಥದ್ದನ್ನು ಎಂದೂ ಕಾಣದ ಲಕ್ಕವ್ವನ ನಾಯಿ ಕೆಂಚ ಹೊಸ್ತಿಲಲ್ಲಿ ನಿಂತು ಗಂಟಲು ಹರಿಯುವಂತೆ ಬೊಗಳತೊಡಗಿತು.

ಲಕ್ಕವ್ವನ ಗಂಡ ಪರಪ್ಪನಿಗೆ, ಔಷಧದವರ ಮೇಲ್ವಿಚಾರಣೆಗೆ ಬಂದಿದ್ದ ಸಾಹೇಬರ ಮುಂದೆ ದೊಡ್ಡಸ್ತಿಕೆ ತೋರಿಸುವ ಆಸೆ.

"ನೋಡ್ರಿ ಸಾಹೇಬ್ರ, ಹ್ಯಾಂಗ ಸುಮ್ಮ ಮಾಡ್ತೇನಿ!"

ಹಾಗೆಂದವನೇ ನಾಯಿಯ ದವಡೆ ಹಿಗ್ಗಲಿಸಿ, ತಾನು ಅಗಿಯುತ್ತಿದ್ದ ತಂಬಾಕನ್ನು ಉಗುಳಿ ಅದರ ಗಂಟಲಿಗೆ ತುರುಕಿದ. ಕೆಂಚ ನೊರೆ ಕಾರಿತು, ಹಳದಿಯಾಗಿ ವಾಂತಿ ಮಾಡಿತು, ಅದರಲ್ಲೇ ಹೊರಳಿತು. ಪರಪ್ಪ ಬೆರಳನ್ನು ಧೋತರಕ್ಕೆ ಒರೆಸಿಕೊಂಡು ನಕ್ಕ. ಸಾಹೇಬರೂ ನಕ್ಕರು. ಔಷಧ ಹೊಡೆಯುವ ಮಶಾಕಸಾಬ ಮಾತ್ರ ಮುಖದ ಬಟ್ಟೆ ಸರಿಸಿ, "ಥೂ, ಇದೆಂಥಾ ಹೊಲಸ ಕೆಲಸರಿ!" ಅಂದ.

ಲಕ್ಕವ್ವ ನಾಯಿಯ ಬಾಯಿ ತೊಳೆದು ಮಜ್ಜಿಗೆ ಕುಡಿಸಿದಳು. ಬೂದಿ ಹಾಕಿ ವಾಂತಿ ಬಾಚಿದಳು. ಸಂಜೆ ಪರಪ್ಪ ಅದೇ ಬೆರಳುಗಳಿಂದ ರೊಟ್ಟಿ ಮುರಿದು ಬ್ಯಾಳಿಯಲ್ಲಿ ಕಲಸುವುದನ್ನು ಕಂಡು ಆಕೆ ತನ್ನ ತಾಟನ್ನು ಅತ್ತ ಸರಿಸಿದಳು. ಅಂದು ಆಕೆ ಉಣ್ಣಲಿಲ್ಲ.

ಮರುದಿನ ನಾಯಿಯನ್ನು ವಿಚಾರಿಸಲು ಮಶಾಕಸಾಬ ತಾನಾಗಿ ಬಂದ. ಲಕ್ಕವ್ವ ಅವನಿಗೆ, "ಅಣ್ಣಾ, ಡಬ್ಬಿ ತೊಳದು ಆ ಬೇವಿನ ಗಿಡದ ಕೆಳಗ ಇಡು. ಮುಖಾ ಮುಚ್ಚಬ್ಯಾಡ. ಸುಮ್ಮ ಕುಂದ್ರು, ನಾಯಿಗೆ ರೂಢಿ ಆಗ್ಲಿ," ಎಂದಳು.

ತಾನು ಕೆಂಚನ ಕೊರಳು ನೇವರಿಸುತ್ತ ಹೊಸ್ತಿಲಲ್ಲಿ ಕೂತಳು. ಅದು ಗುರುಗುಟ್ಟುವುದನ್ನು ನಿಲ್ಲಿಸಿದಾಗಲೆಲ್ಲ ಒಂದು ಚೂರು ರೊಟ್ಟಿ. ಎರಡನೆಯ ದಿನ ಡಬ್ಬಿ ಅಂಗಳದ ನಡುವೆ ಬಂತು. ಮೂರನೆಯ ದಿನ ಕೆಂಚ ತಾನೇ ಹೋಗಿ ಡಬ್ಬಿಯನ್ನು ಮೂಸಿ, ಒಮ್ಮೆ ಸೀನಿ, ಮಶಾಕಸಾಬನ ಕಾಲ ಬಳಿ ಮಲಗಿತು. ಆಮೇಲೆ ಅವನು ಬಟ್ಟೆ ಕಟ್ಟಿಕೊಂಡರೂ ಅದು ಕಿವಿ ಎತ್ತಿ ನೋಡಿತಷ್ಟೆ.

ಅಂದೇ ಪರಪ್ಪ ಕಟ್ಟೆಯ ಮೇಲೆ ನಾಲ್ಕು ಮಂದಿಯ ಮುಂದೆ, "ನಾಯಿ ಸುಮ್ಮ ಆಗೇತಲ್ಲ, ಎಲ್ಲಾ ನನ್ನ ತಂಬಾಕಿನ ಗುಣ ನೋಡ್ರಿ," ಎನ್ನುತ್ತಿದ್ದ. ನೀರು ತರುತ್ತಿದ್ದ ಲಕ್ಕವ್ವ ಕೊಡ ಇಳಿಸಿದಳು.

"ನಿಮ್ಮ ತಂಬಾಕಿನ ಗುಣಾ ನಾ ಎರಡೂ ಕೈಲೆ ಬಾಚೇನಿ. ಹೇಳೂದಾದ್ರ ಪೂರಾ ಹೇಳ್ರಿ. ಮೂಕ ಪ್ರಾಣಿ ಬಾಯಾಗ ಉಗುಳಿದೆ ಅಂತ ಹೇಳ್ರಿ."

ಪರಪ್ಪ ನಗಲು ನೋಡಿದ. ಪಕ್ಕದಲ್ಲಿದ್ದ ಗುರಪ್ಪ, ಪರಪ್ಪ ಚಾಚಿದ್ದ ತಂಬಾಕಿನ ಚೀಲವನ್ನು ಮುಟ್ಟದೆ ಎದ್ದುಹೋದ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು.