ತೀರ್ಥ ಬಿದ್ದ ಪದರ

ನಾನು ಒಂದು ಕಪ್ಪು ಪದರ. ಕೂದಲೆಳೆಗಿಂತ ನೂರಾರು ಪಟ್ಟು ತೆಳು. ಧಾರವಾಡದ ಪ್ರಯೋಗಾಲಯವೊಂದರಲ್ಲಿ ಹುಟ್ಟಿದೆ. ಇಟ್ರಿಯಂ, ಬೇರಿಯಂ, ತಾಮ್ರ ಬೆರೆತ ಬಿಲ್ಲೆಯೊಂದು ಲೇಸರ್ ಹೊಡೆತಕ್ಕೆ ಆವಿಯಾಗಿ ಎದ್ದು, ಉಗುರಿನಷ್ಟಗಲದ ಹರಳಿನ ಮೇಲೆ ಬಂದು ಕೂತಿತು. ಅದೇ ನಾನು. ಅಂದು ಅಂಟಿಕೊಂಡವನಿಗೆ ಇಂದಿಗೂ ಆ ಹರಳು ಬಿಟ್ಟು ಏಳಲಾಗಿಲ್ಲ.

ನನ್ನನ್ನು ಮಾಡಿದವಳು ನೀಲಗಂಗಾ, ಐದು ವರ್ಷದಿಂದ ಸಂಶೋಧನೆಯಲ್ಲಿ ಸವೆದ ಹುಡುಗಿ. ನನಗೆ ನಾಲ್ಕು ತಂತಿ ಅಂಟಿಸಿ, ಕೊಳವೆಯಲ್ಲಿ ಕೂರಿಸಿ, ದ್ರವ ಸಾರಜನಕದ ಚಳಿಗೆ ಇಳಿಸಿದಳು. ಬೆಚ್ಚಗಿದ್ದಾಗ ನಾನು ವಿದ್ಯುತ್ತಿಗೆ ಅಡ್ಡಗಾಲು ಹಾಕುವವನೇ. ಸೊನ್ನೆಗಿಂತ ನೂರಾ ಎಂಬತ್ತೈದು ಡಿಗ್ರಿ ಕೆಳಗಿಳಿದಾಗ ಮಾತ್ರ ನನ್ನ ತಡೆಯೆಲ್ಲ ಹೋಯಿತು. ಮೀಟರು ಸೊನ್ನೆ ತೋರಿಸಿತು, ಅವಳು ಐದು ವರ್ಷ ಕಾದ ಸೊನ್ನೆ. ಅವಳು ಸ್ಟೂಲಿನ ಮೇಲೆ ಕುಸಿದು ಅತ್ತಳು.

ಅವಳ ಸಂಶೋಧನೆಗೆ ಮಾರ್ಗದರ್ಶಕರಾದ ಗುರುಗಳು ನಂಬಲಿಲ್ಲ. "ಒಮ್ಮೆ ಬಂದದ್ದನ್ನ ಹೆಂಗ ನಂಬೂದು? ದಸರಾ ಮುಗಿಸಿ ಬರ್ತೀನಿ, ನನ್ನ ಕಣ್ಣಮುಂದ ಮಾಡಿ ತೋರಸು. ಆಮ್ಯಾಲ ಪ್ರಬಂಧಕ್ಕ ಸಹಿ."

ನಡುವೆ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ಪ್ರಯೋಗಾಲಯದ ಜವಾನ ಗದಿಗೆಪ್ಪನ ಭಕ್ತಿಗೆ ಲಗಾಮಿಲ್ಲ. ಸ್ಕ್ರೂಡ್ರೈವರಿಗೂ ವಿಭೂತಿ ಹಚ್ಚುವ ಮನುಷ್ಯ. ನೀಲಗಂಗಾ ಅಕ್ಕಾರಿಗೆ ಯಶಸ್ಸು ಕೊಟ್ಟ ವಸ್ತುವನ್ನು ಬಿಡುತ್ತಾನೆಯೇ? ಒಣ ಡಬ್ಬಿಯಿಂದ ನನ್ನನ್ನು ತೆಗೆದು ತಟ್ಟೆಯಲ್ಲಿಟ್ಟು, ವೀಳ್ಯದೆಲೆಯಿಂದ ತೀರ್ಥ ಚಿಮುಕಿಸಿ ಕೈಮುಗಿದ. ನೀರು ನನಗೆ ವಿಷ. ಹೇಳೋಣವೆಂದರೆ ಬಾಯಿಲ್ಲ.

ದಸರಾ ಮುಗಿಸಿ ಬಂದ ಗುರುಗಳ ಮುಂದೆ ನನ್ನ ತಡೆ ಇಳಿಯಿತು, ಇಳಿಯಿತು, ಸೊನ್ನೆ ಮುಟ್ಟುವ ಮೊದಲೇ ನಿಂತುಬಿಟ್ಟಿತು. ಅವರು ಸಹಿ ಹಾಕದೆ ಎದ್ದುಹೋದರು. ನಾನು ನಾಚಿ ಸತ್ತೆ.

ಗದಿಗೆಪ್ಪ ಬಾಗಿಲಲ್ಲೇ ನಿಂತ. "ಅಕ್ಕಾರ, ಪೂಜಿ ದಿನ ಇದಕ್ಕೂ ತೀರ್ಥ ಹಾಕೀನ್ರಿ. ನಿಮಗ ಛಲೋ ಆಗ್ಲಿ ಅಂತ."

ನೀಲಗಂಗಾ ನೋಟುಪುಸ್ತಕ ತೆರೆದಳು. ಆಮೇಲೆ ಕೇಳಿದಳು: "ಎಷ್ಟ ಹನಿ ಹಾಕೀರಿ, ಕಾಕಾ?"

"ಮೂರ ಇರಬೇಕ್ರಿ."

ಮರುದಿನದಿಂದ ಅವಳೇ ನನ್ನ ಮೇಲೆ ನೀರು ಹಾಕತೊಡಗಿದಳು. ದಿನಕ್ಕೊಂದು ಹನಿ, ಒಣಗಿಸಿ, ತಣಿಸಿ, ಅಳೆದು ಬರೆಯುವುದು. ನೀರು ನನ್ನಂಥವರನ್ನು ಹೇಗೆ ಕೆಡಿಸುತ್ತದೆ ಎಂಬುದೇ ಪ್ರಬಂಧವಾಯಿತು, ಗುರುಗಳಿಗೂ ಹಿಡಿಸಿತು. ನಾನು ಕೆಟ್ಟಷ್ಟೂ ಅವಳ ಪುಟ ತುಂಬಿತು. ಹನ್ನೊಂದನೆಯ ದಿನ ಎಷ್ಟು ಚಳಿಗಿಳಿಸಿದರೂ ನನ್ನ ತಡೆ ಕಡಿಮೆಯಾಗಲಿಲ್ಲ. ನನ್ನನ್ನು ಅಂಗೈಯಲ್ಲಿಟ್ಟುಕೊಂಡು "ತಪ್ಪಾತು" ಎಂದಳು, ಕೊನೆಯ ಅಂಕಿ ಬರೆದಳು.

ಅವಳೀಗ ಡಾಕ್ಟರ್ ನೀಲಗಂಗಾ. ನಾನು ಕಪಾಟಿನ ಮೂಲೆಯ ಡಬ್ಬಿಯಲ್ಲಿದ್ದೇನೆ. ಮುಚ್ಚಳದ ಮೇಲೆ ಅವಳದೇ ಕೈಬರಹ: 'ಕೆಟ್ಟಿದೆ. ಎಸೆಯಬೇಡಿ.' ಎರಡನೆಯ ಮಾತನ್ನು ಪ್ರೀತಿಯಿಂದಲೇ ಬರೆದಿದ್ದಾಳೆ, ಗೊತ್ತು. ನನಗೆ ಬಿಡುಗಡೆ ಇಲ್ಲದ್ದು ಆ ಪ್ರೀತಿಯಿಂದಲೇ.