ನಲವತ್ತು ಎಣಿಸುವಷ್ಟು ಹೊತ್ತು

ನಾನು ಒಂದು ನೆಟ್‌ವರ್ಕ್ ಕಾರ್ಡ್. ಅಂಗೈಯಗಲದ ಹಸಿರು ಹಲಗೆ, ತುದಿಯಲ್ಲಿ ತಂತಿ ಸಿಕ್ಕಿಸಲು ಒಂದು ಬಾಯಿ. ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು ನನ್ನನ್ನು ಬೆಳಕಿಗೆ ಹಿಡಿದು ನೋಡಿ ಡಬ್ಬಿಗೆ ಹಾಕಿದಳು. ಮೂರು ವರ್ಷ ಒಂದು ಸರ್ಕಾರಿ ಕಚೇರಿಯ ಸರ್ವರಿನಲ್ಲಿದ್ದು ಜನರ ಅರ್ಜಿಗಳನ್ನು ಹೊತ್ತೆ. ಅಲ್ಲಿಗೆ ಹೊಸ ಸರ್ವರ್ ಬಂದಾಗ ಹಳೆಯದನ್ನು, ಅದರ ಹೊಟ್ಟೆಯೊಳಗಿದ್ದ ನನ್ನ ಸಮೇತ, ಬಯಲುಸೀಮೆಯ ಒಂದು ಜೈಲಿಗೆ ಕಳಿಸಿದರು.

ಅಲ್ಲಿ ನಮ್ಮ ಒಂದೇ ಸರ್ವರ್ ಎರಡು ಕಂಪ್ಯೂಟರುಗಳಂತೆ ನಟಿಸಬೇಕಿತ್ತು. ಒಂದು ಗೋಡೆಯ ಮೇಲಿನ ಕ್ಯಾಮೆರಾಗಳಿಗೆ, ಇನ್ನೊಂದು ಕೋರ್ಟಿನ ವಿಡಿಯೋ ವಿಚಾರಣೆಗೆ. ಎರಡೂ ಒಂದು ಸ್ವಿಚ್ಚಿಗೆ ಬಂದು ಸೇರುತ್ತಿದ್ದವು. ಕೈಯಿಂದ ಮುಟ್ಟಲಾಗದ, ಬರೀ ಸಾಫ್ಟ್‌ವೇರಿನ ಸ್ವಿಚ್ಚು ಅದು. ಅದರ ಕೆಳಗೆ ನಾನು ಮತ್ತು ನನ್ನದೇ ರೂಪದ ಇನ್ನೊಂದು ಕಾರ್ಡು. ನಮ್ಮಿಬ್ಬರನ್ನು ಜೋಡಿ ಕಟ್ಟಿದ್ದರು: ನಾನು ಹೊರಬೇಕು, ನಾನು ಬಿದ್ದರೆ ಅದು ಹೊರಬೇಕು. ಜೈಲಿನವರಿಗೆ ಇದು ಬಹಳ ಧೈರ್ಯ ಕೊಟ್ಟಿತ್ತು.

ಮೊದಲ ವರ್ಷ ಸುಖವಾಗಿ ಕಳೆಯಿತು. ಆಮೇಲೆ ಜೈಲು ಇಲಾಖೆಯ ದೊಡ್ಡ ಸಾಹೇಬರು ತಪಾಸಣೆಗೆ ಬರುವ ಸುದ್ದಿ ಬಂತು. ಅವರೆದುರು ಕ್ಯಾಮೆರಾದ ಚಿತ್ರ ತಡವರಿಸಬಾರದು. ಗುತ್ತಿಗೆ ಕಂಪನಿಯ ಇಂಜಿನಿಯರ್ ಪ್ರಫುಲ್ಲಾ ಬಂದು, ಕೋರ್ಟಿನ ಕಡೆ ಹೋಗುವ ವಿಡಿಯೋಗೆ ಸ್ವಿಚ್ಚಿನಲ್ಲಿ ಮಿತಿ ಹಾಕಿದಳು. ಪರದೆಯ ಮೇಲೆ ಮೂರು ಖಾನೆಗಳಿದ್ದವು. ದಿನನಿತ್ಯದ ವೇಗ ಎಷ್ಟು, ಅತಿ ಹೆಚ್ಚಿನ ವೇಗ ಎಷ್ಟು, ಆ ಹೆಚ್ಚಿನ ವೇಗದಲ್ಲಿ ಒಮ್ಮೆಗೆ ಎಷ್ಟು ಸರಕು ಹೋಗಬಹುದು. ಮೊದಲ ಖಾನೆಗೆ ಮೂರು ಸೊನ್ನೆ ಕಡಿಮೆ ಬಿತ್ತು. ಅವಳು ಯೋಚಿಸಿದ ಅಳತೆ ಬೇರೆ, ಖಾನೆ ಕೇಳಿದ ಅಳತೆ ಬೇರೆ. ಹಾಗಾಗಿ ಚಿತ್ರ ಮೊದಲಿಗೆ ಕುದುರೆಯಂತೆ ಓಡುತ್ತಿತ್ತು, ಒಮ್ಮೆಗೆ ಬಿಟ್ಟ ಸರಕು ಮುಗಿದೊಡನೆ ನಿಂತೇಬಿಡುತ್ತಿತ್ತು. ಒಂದು ರಾತ್ರಿಯಿಡೀ ಸುಮ್ಮನಿದ್ದರೆ ಮತ್ತೆ ಓಟ.

ಅವಳು ಕೋರ್ಟಿಗೆ ಕರೆ ಹಚ್ಚಿ ಹತ್ತು ಸೆಕೆಂಡು ಕೈ ಬೀಸಿ ನೋಡಿದಳು. ಆ ಕಡೆಯ ಗುಮಾಸ್ತರೂ ಕೈ ಬೀಸಿದರು. "ಪಸ್ಟ್ ಕ್ಲಾಸ್ ಐತೆ ಬಿಡ್ರಿ ಮೇಡಂ" ಎಂದ ವಾರ್ಡರ್ ಗಾದಿಲಿಂಗಪ್ಪ. ಅವಳು ಹೋದಳು.

ವಿಚಾರಣೆ ಸೋಮವಾರ. ಅದು ನಡೆಯುವ ಕೋಣೆಯ ಮೂಲೆಯಲ್ಲೇ ನಾನಿದ್ದ ಬೀರು. ಕೈದಿಗಳು ಬೆಂಚಿನ ಮೇಲೆ ಸಾಲಾಗಿ ಕೂರುತ್ತಿದ್ದರು. ಕೋರ್ಟು ಕೂಗಿದಂತೆ ಒಬ್ಬೊಬ್ಬರೇ ಕ್ಯಾಮೆರಾದ ಮುಂದಿನ ಕುರ್ಚಿಗೆ ಹೋಗುತ್ತಿದ್ದರು. ನ್ಯಾಯಾಧೀಶರು ಪ್ರತಿಯೊಬ್ಬನನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಜೈಲಿನಲ್ಲಿ ಏನಾದರೂ ತೊಂದರೆ ಇದೆಯೇ?" ಮೊದಲನೆಯವನ ಉತ್ತರ ಕೇಳಿಸುತ್ತಿತ್ತು. ಎರಡನೆಯವನ ಹೊತ್ತಿಗೆ ಮೇಲಿನ ಸ್ವಿಚ್ಚಿನಿಂದ ನನಗೆ ಬರುವ ಚಿತ್ರವೂ ದನಿಯೂ ನಿಂತಿರುತ್ತಿದ್ದವು. ಮಿತಿ ಇದ್ದದ್ದು ಹೋಗುವ ದಾರಿಗೆ ಮಾತ್ರ. ಕೋರ್ಟಿನಿಂದ ಬರುವುದೆಲ್ಲ ಸ್ಪಷ್ಟ. ಕೈದಿಗೆ ನ್ಯಾಯಾಧೀಶರ ಕನ್ನಡಕದ ಹೊಳಪೂ ಕಾಣುತ್ತಿತ್ತು. ಅವರಿಗೆ ಕಾಣುತ್ತಿದ್ದದ್ದು ಬಾಯಿ ಅರ್ಧ ತೆರೆದು ಕಲ್ಲಾದ ಒಂದು ಮುಖ.

"ಏನೂ ಹೇಳುತ್ತಿಲ್ಲ. ಕಸ್ಟಡಿ ಮುಂದುವರಿಸಿ" ಎನ್ನುತ್ತಿದ್ದರು. ಅದನ್ನು ಕೈದಿ ಕೇಳಿಸಿಕೊಳ್ಳುತ್ತಿದ್ದ.

ಹೊನ್ನೂರಪ್ಪ ಯಾವಾಗಲೂ ನಾಲ್ಕನೆಯವನು. ಕಲ್ಲುಕ್ವಾರಿಯಲ್ಲಿ ಸಿಡಿಮದ್ದಿನ ಬತ್ತಿ ಹಚ್ಚುವ ಕೆಲಸದವನು. ಒಂದು ಸಿಡಿತದಲ್ಲಿ ಇಬ್ಬರು ಸತ್ತರು. ಕ್ವಾರಿಯ ಮಾಲೀಕ ಹೊರಗುಳಿದ, ಇವನು ಒಳಗೆ ಬಂದ. ಇಪ್ಪತ್ತು ವರ್ಷ ಕುಡಿದ ಕಲ್ಲಿನ ಧೂಳು ಎದೆಯಲ್ಲಿತ್ತು. ಕೆಮ್ಮಿದರೆ ರಕ್ತ ಬೀಳುತ್ತಿತ್ತು. ಜೈಲಿನ ಡಾಕ್ಟರು ಬಿಳಿ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ನ್ಯಾಯಾಧೀಶರು ಒಂದು ಮಾತು ಬರೆದರೆ ದೊಡ್ಡಾಸ್ಪತ್ರೆಗೆ ಒಯ್ಯಬೇಕಿತ್ತು. ಆ ಒಂದು ಮಾತಿಗಾಗಿ ಅವನು ಕಾದಿದ್ದ.

"ಸಾರ್, ನೀವರ ಹೇಳ್ರಿ ಅವ್ರಿಗೆ" ಎಂದು ಗಾದಿಲಿಂಗಪ್ಪನನ್ನು ಕೇಳಿದ.

"ನಾನ್ ಬಾಯಿ ಹಾಕಿದ್ರೆ ನಾಳೆ ನನ್ ಕೈಗೆ ನೋಟೀಸು ಬರ್ತೈತಲೇ. ನಿನ್ ಬಾಯಾಗ್ ನೀನೇ ಹೇಳ್ಬೇಕು."

"ಬಾಯಿ ಐತ್ರಿ. ಆ ಕಡೆ ಹೋಗ್ವಲ್ದು."

ಕಂಪನಿಯವರಿಗೆ ದೂರು ಹೋಯಿತು. ಯಾರೋ ಬಂದು ಕಾರ್ಡು ಕೆಟ್ಟಿದೆ ಎಂದರು. ನನ್ನನ್ನು ಹಿಂದಕ್ಕೆ ಸರಿಸಿ ಜೊತೆಗಾರನನ್ನು ಮುಂದೆ ಮಾಡಿದರು. ಹತ್ತು ಸೆಕೆಂಡು ನೋಡಿದರು, ಚೆನ್ನಾಗಿತ್ತು. ಮುಂದಿನ ತಿಂಗಳು ಅದನ್ನು ಹಿಂದಕ್ಕೆ ಸರಿಸಿ ನನ್ನನ್ನು ಮುಂದೆ ಮಾಡಿದರು. ಮತ್ತೆ ಹತ್ತು ಸೆಕೆಂಡು. ನಮ್ಮಲ್ಲಿ ಒಬ್ಬರು ಬಿದ್ದರೆ ಎತ್ತಿಕೊಳ್ಳಲು ಇನ್ನೊಬ್ಬರಿದ್ದೆವು. ಬಿದ್ದದ್ದು ನಾವಲ್ಲ ಎಂದು ಹೇಳಲು ಇಬ್ಬರಿಗೂ ದಾರಿಯಿರಲಿಲ್ಲ.

ಕಂಡುಹಿಡಿದವನು ಹೊನ್ನೂರಪ್ಪ. ಬತ್ತಿ ಹಚ್ಚಿ ಓಡುವಾಗ ಎಣಿಸುವುದು ಅವನ ಕಸುಬು. ಬೆಂಚಿನ ಮೇಲೆ ಕೂತು, ಪರದೆಯಲ್ಲಿ ನ್ಯಾಯಾಧೀಶರು ತಲೆದೂಗುವುದು ನಿಲ್ಲುವವರೆಗೆ ಬೆರಳು ಮಡಚುತ್ತಾ ಮೂರು ಸೋಮವಾರ ಎಣಿಸಿದ.

"ಸಾರ್, ಲೈನ್ ಹತ್ತಿದ್ ಕೂಡ್ಲೇ ಎಣಿಸ್ರಿ. ನಲವತ್ತು. ಅಷ್ಟೇ. ಆಮೇಲ್ ಕಲ್ಲು."

"ಓ, ಇಂಜಿನಿಯರ್ ಸಾಹೇಬ್ರು ಬಂದ್ರು, ಕುರ್ಚಿ ಹಾಕ್ರಪ್ಪ!" ಎಂದು ಗಾದಿಲಿಂಗಪ್ಪ ನಕ್ಕ. ಬೆಂಚೂ ನಕ್ಕಿತು. ಆದರೆ ಆ ದಿನ ಅವನೂ ಗಡಿಯಾರ ನೋಡಿಕೊಂಡ. ಮುಂದಿನ ವಾರ ಕೋರ್ಟಿನ ಗುಮಾಸ್ತರಿಗೆ ಫೋನು ಮಾಡಿ, ಹೊನ್ನೂರಪ್ಪನನ್ನು ಮೊದಲು ಕೂಗುವಂತೆ ಕೇಳಿಕೊಂಡ.

ಹೊನ್ನೂರಪ್ಪ ತಲೆ ಬಾಚಿ ಬಂದ. ಹೇಳಬೇಕಾದ್ದನ್ನು ಚಿಕ್ಕದು ಮಾಡಿ ಬಾಯಿಪಾಠ ಮಾಡಿದ್ದ: "ಎದಿ ನೋವು, ರಕ್ತ ಬೀಳ್ತೈತಿ, ದೊಡ್ಡಾಸ್ಪತ್ರಿಗೆ ಕಳಸ್ರಿ ಸ್ವಾಮಿ." ಲೈನು ಹತ್ತಿತು. ಆ ಕಡೆ ನ್ಯಾಯಾಧೀಶರ ಕುರ್ಚಿ ಖಾಲಿಯಿತ್ತು.

"ಸಾಹೇಬ್ರು ಚೇಂಬರಿನಲ್ಲಿದ್ದಾರೆ, ಬರ್ತಾರೆ" ಎಂದರು ಗುಮಾಸ್ತರು.

"ಬಂದ್ ಮಾಡ್ರಿ ಸಾರ್! ಲೈನ್ ಬಂದ್ ಮಾಡ್ರಿ!"

"ಕೋರ್ಟಿನ್ ಲೈನ್ ನಾನ್ ಕಡಿಯೋಕಾಗ್ತೈತೇನಲೇ? ಸುಮ್ನೆ ಕೂಡು."

ಅವನು ಒಂದು ಕೈಯ ಬೆರಳು ಮಡಚತೊಡಗಿದ. ಆ ಮುಖವನ್ನು ನಾನೇ ಹೊತ್ತೆ, ಒಂದು ಕೂದಲೆಳೆಯೂ ತಪ್ಪದಂತೆ, ಖಾಲಿ ಕುರ್ಚಿಯ ಎದುರಿಗೆ. ನಲವತ್ತು ಮುಗಿದ ಮೇಲೆ ನ್ಯಾಯಾಧೀಶರು ಬಂದು ಕೂತು, ಏನಾದರೂ ತೊಂದರೆ ಇದೆಯೇ ಎಂದು ಕೇಳಿದರು. ಅವನು ಕೂಗಿ ಹೇಳಿದ. ಕೂಗು ಬೀರುವಿನ ತಗಡಿಗೆ ಬಂದು ಬಡಿಯಿತು. ಮೇಲಿನ ಸ್ವಿಚ್ಚಿನಿಂದ ನನಗೆ ಒಂದು ಅಕ್ಷರವೂ ಇಳಿಯಲಿಲ್ಲ.

"ಏನೂ ಹೇಳುತ್ತಿಲ್ಲ" ಎಂದರು ನ್ಯಾಯಾಧೀಶರು.

ಮುಂದಿನ ವಾಯಿದೆಗೂ ಅವನ ಹೆಸರೇ ಮೊದಲಿತ್ತು. ಕುರ್ಚಿಯಲ್ಲಿ ಗಾದಿಲಿಂಗಪ್ಪ ಕೂತಿದ್ದ.

"ಹೊನ್ನೂರಪ್ಪ ತೀರ್ಕೊಂಡ ಸ್ವಾಮಿ. ಬುಧವಾರ."

"ಏನಾಗಿತ್ತು?"

"ಎದಿ ರೋಗ ಸ್ವಾಮಿ. ಬಾಳ ದಿವಸದಿಂದ ಇತ್ತು."

ನ್ಯಾಯಾಧೀಶರು ಕಡತದ ಹಾಳೆಗಳನ್ನು ತಿರುಗಿಸಿದರು, ನಿಧಾನವಾಗಿ. ಆಮೇಲೆ ತಲೆ ಎತ್ತಿದರು. "ಇದನ್ನು ಯಾಕೆ ಯಾರೂ ನನಗೆ ಹೇಳಲಿಲ್ಲ?"

ಗಾದಿಲಿಂಗಪ್ಪ ಏನೋ ಹೇಳಿದ, ಬಹಳ ಹೊತ್ತು ಹೇಳಿದ, ಕೊನೆಗೆ ಅಳುವ ದನಿಯಲ್ಲಿ ಹೇಳಿದ. ಆ ಕಡೆಯಿಂದ ಗುಮಾಸ್ತರ ಮಾತು ಕೇಳಿಸಿತು: "ಜೈಲಿನವರ ಲೈನು ಹೋಯ್ತು ಸಾರ್."

ಆ ಸಾವಿನ ವಿಚಾರಣಾ ವರದಿಯಲ್ಲಿ ದೋಷಯುಕ್ತ ನೆಟ್‌ವರ್ಕ್ ಕಾರ್ಡು ಎಂದು ಬರೆದರು. ನಮ್ಮಿಬ್ಬರನ್ನೂ ಕಿತ್ತು, ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ ಪಕ್ಕದ ಉಗ್ರಾಣದ ಕಪಾಟಿಗೆ ಸೇರಿಸಿದರು. ಹೊಸ ಜೋಡಿ ಬಂತು. ಮೂರು ಖಾನೆಗಳ ಆ ಪುಟವನ್ನು ಯಾರೂ ತೆರೆಯಲಿಲ್ಲ.

ನನ್ನ ಮೇಲೆ ಹೊರಿಸಿದ್ದಕ್ಕೆ ಈಗ ಬೇಸರವಿಲ್ಲ. ಹೊರುವುದಕ್ಕೇ ಮಾಡಿದ ವಸ್ತು ನಾನು. ಆದರೆ ಈ ಗೋಡೆ ತೆಳುವಾಗಿದೆ. ಸೋಮವಾರ ಬೆಳಿಗ್ಗೆ ಗಾದಿಲಿಂಗಪ್ಪ ಒಂದು ತಂಬಿಗೆಯಲ್ಲಿ ಚೀಟಿಗಳನ್ನು ಹಾಕಿ ಅಲ್ಲಾಡಿಸುವುದು ಕೇಳಿಸುತ್ತದೆ. ಮೊದಲು ಯಾರ ಸರದಿ ಎಂದು ಕೈದಿಗಳು ಎತ್ತುತ್ತಾರೆ. ಗೆದ್ದವನು ಹೋ ಎಂದು ಕೂಗುತ್ತಾನೆ. ಉಳಿದವರು ಅವನ ಕಿವಿಯಲ್ಲಿ ತಮ್ಮತಮ್ಮ ರೋಗಗಳನ್ನು ಹೇಳತೊಡಗುತ್ತಾರೆ.